ಆಗಮನ ಕಾಲಕ್ಕೆ ಮನೆಯಲ್ಲೇ ಮಾಡಿದ ಕ್ಯಾಲೆಂಡರ್, ದಿನಾ ಕುಟುಂಬ ಪ್ರಾರ್ಥನೆ: ಕೊನೇವರೆಗೂ ನಡೆಸಿದವರು ಇದ್ದೀರಾ?

ಮೂರುಮಕ್ಕಳಮ್ಮ
ಎಲ್ಲರಿಗೂ ನಮಸ್ಕಾರ. ಈ ಸಲ ಆಗಮನ ಕಾಲದಲ್ಲಿ, ಅಂದರೆ ಕ್ರಿಸ್ಮಸ್‌ಗೆ ಕಾಯುವ ವಾರಗಳಲ್ಲಿ, ದಿನಾ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ಪ್ರಾರ್ಥನೆ ಮಾಡಬೇಕು, ಕ್ರಿಸ್ಮಸ್‌ವರೆಗೆ ದಿನಕ್ಕೊಂದು ಖಾನೆ ತೆಗೆಯುವ ಕ್ಯಾಲೆಂಡರನ್ನು ಮಕ್ಕಳ ಕೈಯಲ್ಲೇ ಮಾಡಿಸಬೇಕು ಅಂತ ಆಸೆ. ಮಕ್ಕಳ ವಯಸ್ಸು 4, 8, 13. ತೊಂದರೆ ಇರೋದೇ ಅಲ್ಲಿ. ದೊಡ್ಡವನಿಗೆ ಹಿಡಿಸಿದ್ದು ಚಿಕ್ಕವಳ ತಲೆಗೆ ಹೋಗಲ್ಲ. ಚಿಕ್ಕವಳಿಗೆ ಬೇಕಾದ್ದು ಮಾಡಿದರೆ ದೊಡ್ಡವನಿಗೆ ನಾಚಿಕೆ. ನಡುವಿನವಳು ಇಬ್ಬರ ಮೇಲೂ ತಕರಾರು ತೆಗೀತಾಳೆ. ಯಜಮಾನರು ಮನೆ ಸೇರೋದು ತಡ.

ಅಂಗಡಿಯ ಕ್ಯಾಲೆಂಡರ್ ಬೇಡ. ಬಾಗಿಲು ತೆಗಿ, ಚಾಕಲೇಟ್ ಬಾಯಿಗೆ ಹಾಕು, ಮುಗೀತು. ಹಾಗಂತ ಬರೀ ಬೈಬಲ್ ವಚನ ಬರೆದಿಟ್ಟರೆ ನಾಲ್ಕು ದಿನದಲ್ಲಿ ಯಾರೂ ಅದರ ಹತ್ತಿರ ಸುಳಿಯಲ್ಲ ಅನ್ನೋ ಭಯ. ಒಳಗೆ ಏನು ಹಾಕಬೇಕು? ಎಷ್ಟು ಹೊತ್ತು ಕೂರಿಸಬೇಕು? ಶುರು ಮಾಡೋದು ಡಿಸೆಂಬರ್ 1ಕ್ಕಾ, ಭಾನುವಾರಕ್ಕಾ? ನಿಜವಾಗಿ 24ರವರೆಗೆ ನಡೆಸಿದವರು ಹೇಳಿ. ಚೆಂದದ ಫೋಟೋಗಳನ್ನು ಬೇಕಾದಷ್ಟು ನೋಡಿ ಆಗಿದೆ.

ಹಳೇಬೆಂಚು
10 ನಿಮಿಷ. ಅದರ ಮೇಲೆ ಒಂದು ನಿಮಿಷವೂ ಬೇಡ.

ನೀಲಿಕೊಡೆ
10 ಕೂಡ ಜಾಸ್ತಿಯೇ. 4 ವರ್ಷದ ಮಗು 5 ನಿಮಿಷ ಕೂತರೆ ಅದೇ ದೊಡ್ಡದು. ಚಿಕ್ಕವಳಿಗೆ ದೀಪ ಹಚ್ಚೋದು, ಖಾನೆ ತೆಗೆಯೋದು, ಒಂದು ಹಾಡು. ಆಮೇಲೆ ಅವಳು ಎದ್ದು ಹೋಗಲಿ. ಉಳಿದವರು ಬೇಕಾದರೆ ಮುಂದುವರಿಸಿ. ಎಲ್ಲರನ್ನೂ ಕೊನೇ ಆಮೆನ್‌ವರೆಗೆ ಹಿಡಿದು ಕೂರಿಸೋದು ಯಾಕೆ?

ಲೆಕ್ಕದಮೇಷ್ಟ್ರು
ಶುರು ಯಾವಾಗ ಅನ್ನೋದಕ್ಕೆ ನಾನು ಹೇಳ್ತೀನಿ. ಆಗಮನ ಕಾಲ ಶುರುವಾಗೋದು ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವತ್ತು ಬೇಕಾದರೂ ಬರಬಹುದು. ಹಾಗಾಗಿ ಒಂದೊಂದು ವರ್ಷ 28 ದಿನ ಸಿಗುತ್ತೆ, ಒಂದೊಂದು ವರ್ಷ 22 ಮಾತ್ರ. 2022ರಲ್ಲಿ ನವೆಂಬರ್ 27ಕ್ಕೇ ಶುರುವಾಗಿತ್ತು. ಮರುವರ್ಷ ಡಿಸೆಂಬರ್ 3ಕ್ಕೆ. ಆ ವರ್ಷ ನಾಲ್ಕನೇ ಭಾನುವಾರ ಬಂದದ್ದೇ 24ಕ್ಕೆ. ಭಾನುವಾರಕ್ಕೊಂದು ಮೇಣದಬತ್ತಿ ಹಚ್ತೀವಲ್ಲ, ಬೆಳಗ್ಗೆ ಅದರಲ್ಲಿ ನಾಲ್ಕನೆಯದು, ರಾತ್ರಿಗೆ ಕ್ರಿಸ್ಮಸ್ ಆರಾಧನೆ.

ಡಿಸೆಂಬರ್ 1ರಿಂದ 24 ಅನ್ನೋದು ಕ್ಯಾಲೆಂಡರಿನ ಲೆಕ್ಕ, ಕ್ರೈಸ್ತ ಸಭೆಯ (ಚರ್ಚಿನ) ಲೆಕ್ಕ ಅಲ್ಲ. ಅಚ್ಚು ಹಾಕುವವರಿಗೆ ವರ್ಷವರ್ಷವೂ ಖಾನೆ ಬದಲಿಸುವ ಗೋಜಿಲ್ಲ, ಅಷ್ಟೇ. 2024ರಲ್ಲಿ ಎರಡೂ ಒಂದೇ ದಿನ ಬಿತ್ತು. ಹಾಗೆ ಯಾವಾಗಲೂ ಬೀಳಲ್ಲ.

ಮೂರುಮಕ್ಕಳಮ್ಮ
ಮೇಷ್ಟ್ರೇ, ಹಾಗಾದರೆ ಖಾನೆ ಎಷ್ಟು ಮಾಡಲಿ?

ಲೆಕ್ಕದಮೇಷ್ಟ್ರು
24 ಮಾಡಿ. ಭಾನುವಾರಗಳಿಗೆ ಬೇರೆ 4 ಮೇಣದಬತ್ತಿ ಇಡಿ. ಭಾನುವಾರ ನವೆಂಬರ್‌ನಲ್ಲೇ ಬಂದರೆ ಮೊದಲ ಕೆಲವು ದಿನ ಬತ್ತಿ ಮಾತ್ರ, 1ನೇ ತಾರೀಖಿನಿಂದ ಖಾನೆ. 24 ಇನ್ನೊಂದಕ್ಕೂ ಒಳ್ಳೇದು. ಮೂವರು ಮಕ್ಕಳು ಅಂದಿರಿ, ತಲಾ 8 ದಿನ. "ಇವತ್ತು ನನ್ನ ಸರದಿ" ಅಂತ ಜಗಳ ಬಂದರೆ ಗೋಡೆ ಮೇಲೆ ಪಟ್ಟಿ ಇರಲಿ.

ದೊಡ್ಡಸಂಸಾರ
ನಮ್ಮ ಮನೆಯಲ್ಲಿ ಮಕ್ಕಳು ಐದು. ಈಗ ಹೇಳಿ ಮೇಷ್ಟ್ರೇ.

ಲೆಕ್ಕದಮೇಷ್ಟ್ರು
ಉಳಿದ 4 ದಿನ ಅಪ್ಪ ಅಮ್ಮನಿಗೆ ತಲಾ 2. ನೀವೂ ಮನೆಯವರೇ ಅಲ್ವಾ?

ಪ್ರಶ್ನೆಗುರುತು
ನನಗೊಂದು ಅನುಮಾನ. ಈ ಕ್ಯಾಲೆಂಡರ್ ಅನ್ನೋದೇ ವ್ಯಾಪಾರಸ್ಥರು ಹುಟ್ಟುಹಾಕಿದ್ದು. ಈಗ ಲಿಪ್‌ಸ್ಟಿಕ್ ಇಟ್ಟ ಕ್ಯಾಲೆಂಡರ್ ಇದೆ, ಆಟಿಕೆ ಇಟ್ಟದ್ದಿದೆ, ನಾಯಿಗೆ ಬಿಸ್ಕತ್ ಇಟ್ಟದ್ದೂ ಇದೆ. ಅದನ್ನು ಮನೆಯಲ್ಲಿ ಕೈಯಾರೆ ಮಾಡಿದ ಮಾತ್ರಕ್ಕೆ ಭಕ್ತಿ ಆಗಿಬಿಡುತ್ತಾ?

ಹಳೇಬೆಂಚು
ತಿರುಗುಮುರುಗಾಗಿ ಹೇಳ್ತಿದ್ದೀರಿ. ಮೊದಲು ಬಂದದ್ದು ಮನೆಯದ್ದು, ಅಂಗಡಿಯದ್ದು ಆಮೇಲೆ. 19ನೇ ಶತಮಾನದ ಜರ್ಮನಿಯಲ್ಲಿ ಪ್ರೊಟೆಸ್ಟೆಂಟ್ ಮನೆಗಳವರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೀತಿದ್ದರು. ಮಕ್ಕಳು ದಿನಕ್ಕೊಂದು ಗೆರೆ ಅಳಿಸಬೇಕು. ಕೆಲವು ಮನೆಗಳಲ್ಲಿ ಗೋದಲಿಗೆ, ಅಂದರೆ ಯೇಸುವನ್ನು ಮಲಗಿಸಿದ ಮೇವಿನ ತೊಟ್ಟಿಯ ಮಾದರಿಗೆ, ದಿನಕ್ಕೊಂದು ಹುಲ್ಲುಕಡ್ಡಿ ಹಾಕಿ, ಕ್ರಿಸ್ಮಸ್ ಹೊತ್ತಿಗೆ ಬಾಲಯೇಸುವಿಗೆ ಹಾಸಿಗೆ ತಯಾರು ಮಾಡೋದಿತ್ತು.

ಅಚ್ಚಾದ ಕ್ಯಾಲೆಂಡರ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಅನ್ನುವವರು ಅದಕ್ಕೆ ಹೆಸರಾದವರು. ಅವರಿಗೂ ಈ ಯೋಚನೆ ಬಂದದ್ದು ಅಮ್ಮನಿಂದಲೇ. ಆಕೆ ಮಗನಿಗಾಗಿ ರಟ್ಟಿನ ಮೇಲೆ 24 ಸಿಹಿತಿಂಡಿ ಅಂಟಿಸಿ ಕೊಡ್ತಿದ್ದರಂತೆ. ತೆಗೆಯೋ ಬಾಗಿಲು ಇನ್ನೂ ತಡವಾಗಿ ಬಂತು. ಚಾಕಲೇಟ್ ಅಂತೂ ಅದಕ್ಕೂ ಆಮೇಲೆ. ಎರಡನೇ ಮಹಾಯುದ್ಧದಲ್ಲಿ ಕಾಗದದ ಅಭಾವಕ್ಕೆ ಅಚ್ಚು ನಿಂತಿತ್ತು. ಸ್ಟುಟ್‌ಗಾರ್ಟ್‌ನಲ್ಲಿ 1946ರಲ್ಲಿ ಮತ್ತೆ ಶುರುವಾಯಿತು.

ಪ್ರಶ್ನೆಗುರುತು
ಅಂದರೆ ಆ ಅಮ್ಮನ ಕ್ಯಾಲೆಂಡರಿನಲ್ಲೂ ಸಿಹಿಯೇ ಇತ್ತು! ಮೂರುಮಕ್ಕಳಮ್ಮ ಅವರೇ, ಒಂದೊಂದು ಪೆಪ್ಪರ್‌ಮಿಂಟ್ ಹಾಕಿಬಿಡಿ, ನಿಮಗೆ ಇತಿಹಾಸದ ಬೆಂಬಲ ಇದೆ.

ಕತ್ತರಿಗೋಂದು
ಅಕ್ಕ, ಕ್ಯಾಲೆಂಡರ್ ಮಾಡೋ ಕೆಲಸ ನನಗೆ ಬಿಡಿ. ಖಾಲಿ ಬೆಂಕಿಪೊಟ್ಟಣ 24 ಕೂಡಿಡಿ. ಎಲ್ಲದರ ಒಳಡಬ್ಬಿಯನ್ನು ಹೊರಗೆ ತೆಗೆದಿಡಿ. ಇದು ಮುಖ್ಯ, ಮರೀಬೇಡಿ. ಬರೀ ಹೊರಕವಚಗಳನ್ನು ಸಾಲಿಗೆ 4ರಂತೆ 6 ಸಾಲು ಜೋಡಿಸಿ ಅಂಟಿಸಿ. ಗೋಂದು ಕಡ್ಡಿತುದಿಯಲ್ಲಿ ಹಚ್ಚಿದಷ್ಟು ಸಾಕು. ಜಾಸ್ತಿಯಾದರೆ ರಟ್ಟು ನೆನೆದು ಒಳಕ್ಕೆ ಬಾಗುತ್ತೆ, ಆಮೇಲೆ ಡಬ್ಬಿ ಜಾರಲ್ಲ. ಮೇಲೊಂದು ದಪ್ಪ ಪುಸ್ತಕ ಇಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಸುತ್ತಲೂ ಬಣ್ಣದ ಕಾಗದದ ಪಟ್ಟಿ ಸುತ್ತಿ ಅಂಟಿಸಿದರೆ ಗಟ್ಟಿ ನಿಲ್ಲುತ್ತೆ. ಡಬ್ಬಿಯ ಮುಖಕ್ಕೆ ಸೂಜಿಯಲ್ಲಿ ತೂತು ಮಾಡಿ ದಾರದಲ್ಲಿ ಒಂದು ಮಣಿ ಕಟ್ಟಿ, ಎಳೆಯೋಕೆ ಹಿಡಿ ಆಯ್ತು.

ನಂಬರ್ ಸಾಲಾಗಿ ಬರೀಬೇಡಿ. 1ರ ಪಕ್ಕ 17, ಅದರ ಕೆಳಗೆ 9, ಹೀಗೆ ಚೆಲ್ಲಾಪಿಲ್ಲಿ ಇರಲಿ. ಚಿಕ್ಕವಳಿಗೆ ನಂಬರ್ ಹುಡುಕೋದೇ ಆಟ. ಒಳಗೆ ಜಾಗ ಕಮ್ಮಿ, ಬೆರಳುದ್ದದ ಚೀಟಿ ಸುರುಳಿ ಸುತ್ತಿ ಇಡಬಹುದು. ಒಂದು ರೀತಿಯಲ್ಲಿ ಒಳ್ಳೇದೇ. ದೊಡ್ಡ ಉಡುಗೊರೆ ಹಾಕೋಣ ಅನ್ನೋ ಆಸೆಯೇ ಹುಟ್ಟಲ್ಲ.

ನೀಲಿಕೊಡೆ
ಅಷ್ಟು ವ್ಯವಧಾನ ಇಲ್ಲದವರು ಒಂದು ದಾರ ಕಟ್ಟಿ, 24 ಲಕೋಟೆಗಳನ್ನು ಬಟ್ಟೆ ಕ್ಲಿಪ್‌ನಲ್ಲಿ ನೇತುಹಾಕಿ. ಅರ್ಧ ಗಂಟೆಯ ಕೆಲಸ. ಹೊಲಿಗೆ ಬರುವವರು ಬಟ್ಟೆ ಮೇಲೆ ಜೇಬು ಹೊಲಿದರೆ ವರ್ಷವರ್ಷವೂ ಅದೇ ಆಗುತ್ತೆ.

ಕತ್ತರಿಗೋಂದು
ಲಕೋಟೆಯದ್ದು ಸುಲಭ, ಒಪ್ಪಿದೆ. ಆದರೆ 4 ವರ್ಷದ ಕೈಗೆ ಎಟಕುವಂತೆ ಕಟ್ಟಿದರೆ ಮೊದಲ ಸಂಜೆಯೇ 24 ಲಕೋಟೆ ಖಾಲಿ. ಎತ್ತರಕ್ಕೆ ಕಟ್ಟಿ.

ತಡರಾತ್ರಿ
ಒಳಗೆ ಏನು ಹಾಕಬೇಕು ಅನ್ನೋದಕ್ಕೆ: ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯಲ್ಲಿ ಸರಿಯಾಗಿ 24 ಅಧ್ಯಾಯ ಇವೆ. ದಿನಕ್ಕೊಂದು ಓದಿದರೆ 24ಕ್ಕೆ ಇಡೀ ಸುವಾರ್ತೆ ಮುಗಿಯುತ್ತೆ. ಸುಮ್ನೆ ತಲೆ ಕೆಡಿಸಿಕೊಳ್ಳೋದು ಬೇಡ.

ಅಜ್ಜಿಯಕನ್ನಡಕ
ಅಯ್ಯೋ, ಅದು ದೊಡ್ಡವರಿಗೆ ಸರಿ. ಲೂಕ ಮೊದಲನೇ ಅಧ್ಯಾಯವೇ 80 ವಚನ. ಹೊಸ ಒಡಂಬಡಿಕೆಯಲ್ಲಿ ಅದಕ್ಕಿಂತ ಜಾಸ್ತಿ ವಚನ ಇರುವ ಅಧ್ಯಾಯ ಇನ್ನೊಂದಿಲ್ಲ. ಮೊದಲ ದಿನವೇ ಮಗು ನಿದ್ದೆ ಹೋಗುತ್ತೆ. ಇನ್ನೊಂದು, 23ಕ್ಕೆ ಶಿಲುಬೆಯ ಮರಣ ಓದಬೇಕು, 24ಕ್ಕೆ ಪುನರುತ್ಥಾನ. ಕ್ರಿಸ್ಮಸ್ ಹಿಂದಿನ ದಿನ ಖಾಲಿ ಸಮಾಧಿಯ ಕಥೆ ಓದಿ, ಮಾರನೇ ದಿನ ಮಗು ಹುಟ್ಟಿತು ಅಂದರೆ ಮಕ್ಕಳಿಗೆ ಏನು ಅರ್ಥವಾಗಬೇಕು?

ತಡರಾತ್ರಿ
ಯಾಕೆ ಹುಟ್ಟಿದ ಅನ್ನೋದು ಗೊತ್ತಾಗಬೇಕಲ್ಲ ಅಮ್ಮ. ಬರೀ ಗೋದಲಿ ತೋರಿಸಿ ನಿಲ್ಲಿಸಿದರೆ ಅದು ಮುದ್ದು ಮಗುವಿನ ಹಬ್ಬ ಅಷ್ಟೇ ಆಗುತ್ತೆ. ನಮ್ಮಲ್ಲಿ ಹೀಗೇ ಓದೋದು, ಮಕ್ಕಳು ಯಾರೂ ಗೊಂದಲಪಟ್ಟಿಲ್ಲ.

ಅಜ್ಜಿಯಕನ್ನಡಕ
ನಿಮ್ಮ ಮಕ್ಕಳ ವಯಸ್ಸೆಷ್ಟು?

ತಡರಾತ್ರಿ
17, 19.

ಅಜ್ಜಿಯಕನ್ನಡಕ
ನೋಡಿ.

ಲೆಕ್ಕದಮೇಷ್ಟ್ರು
ನಡುವಿನ ದಾರಿ ಇದೆ. ಲೂಕ 1ನೇ ಅಧ್ಯಾಯ ಪೂರ್ತಿ 80 ವಚನ, 2ನೇ ಅಧ್ಯಾಯ ಕುರುಬರು ಹಿಂದಿರುಗುವ 20ನೇ ವಚನದವರೆಗೆ. ಒಟ್ಟು 100. ದಿನಕ್ಕೆ 4 ವಚನ ಓದಿದರೆ 24 ದಿನಕ್ಕೆ 96, ಉಳಿದ 4 ಕ್ರಿಸ್ಮಸ್ ಬೆಳಗ್ಗೆಗೆ. 2ನೇ ಅಧ್ಯಾಯ ಪೂರ್ತಿ ತಗೋಬೇಡಿ. ಆಗ 132 ವಚನವಾಗಿ, ಯೇಸುವಿನ ಜನನ ತಿಂಗಳ ನಡುವಿಗೇ ಬಂದುಬಿಡುತ್ತೆ.

ಮೂರುಮಕ್ಕಳಮ್ಮ
ಇದು ನನಗೆ ಹಿಡಿಸಿತು! 4 ವಚನ ಅಂದರೆ ನಡುವಿನವಳೇ ಓದಬಹುದು. ಓದೋದೊಂದು ಸಿಕ್ಕರೆ ತಕರಾರೂ ಕಮ್ಮಿಯಾದೀತು.

ಗಾಯನಮೂಲೆ
ಲೆಕ್ಕ ಸರಿ, ಕಥೆ ತಪ್ಪು. 4ಕ್ಕೆ ಕತ್ತರಿಸಿದರೆ ದೇವದೂತನ ಮಾತು ಅರ್ಧಕ್ಕೆ ನಿಲ್ಲುತ್ತೆ, ಯೇಸುವಿನ ತಾಯಿ ಮರಿಯಳ ಹಾಡು ನಡುವೆ ತುಂಡಾಗುತ್ತೆ. ಆ ಹಾಡು 46ರಿಂದ 55ರವರೆಗೆ ಒಂದೇ ಉಸಿರಿನಲ್ಲಿ ಬರಬೇಕು. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದ, ಹಸಿದವರನ್ನು ತೃಪ್ತಿಪಡಿಸಿದ ಅಂತ ಒಬ್ಬ ಹಳ್ಳಿ ಹುಡುಗಿ ಹಾಡೋದು. 13 ವರ್ಷದವನಿಗೆ ಅದನ್ನೇ ಕೊಡಿ, ಗಟ್ಟಿಯಾಗಿ ಓದಲಿ. ಅದು ಜೋಗುಳ ಅಲ್ಲ ಅಂತ ಅವನಿಗೇ ಗೊತ್ತಾಗುತ್ತೆ.

ಹಾಗಾಗಿ ಒಂದು ದಿನ 3 ವಚನ, ಇನ್ನೊಂದು ದಿನ 10. ಕಥೆ ನಿಲ್ಲುವ ಕಡೆ ನಿಲ್ಲಿಸಿ.

ಲೆಕ್ಕದಮೇಷ್ಟ್ರು
ಆಗಲಿ. ಮೊತ್ತ 100 ಆಗಿದ್ದರೆ ಸಾಕು.

ದೊಡ್ಡಸಂಸಾರ
ಸ್ನಾನಿಕ ಯೋಹಾನನ ಅಪ್ಪ ಜಕರೀಯನ ಕಥೆ ಓದುವ ದಿನ ನಮ್ಮ ಮನೆಯಲ್ಲಿ ಒಂದು ಆಟ ಇದೆ. ಅವನು ದೇವದೂತನ ಮಾತು ನಂಬದೆ ಮೂಕನಾದ ಅಲ್ವಾ? ಮಗು ಹುಟ್ಟಿದ ಮೇಲೆ ಹೆಸರನ್ನು ಹಲಗೆ ಮೇಲೆ ಬರೆದು ತೋರಿಸಿದ. ಅವತ್ತು ರಾತ್ರಿ ಊಟ ಮುಗಿಯುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ನಡುವೆ ಒಂದು ಸ್ಲೇಟು ಇರುತ್ತೆ, ಏನು ಬೇಕಾದರೂ ಬರೆದು ತೋರಿಸಬೇಕು. ಕಳೆದ ಸಲ ಮೂರನೆಯವನು ಸ್ಲೇಟು ಕಸಿದುಕೊಂಡು "ಅಕ್ಕ ಪಿಸುಗುಟ್ಟಿದಳು" ಅಂತ ದೂರು ಬರೆದ. ಅಕ್ಕ ಅದರ ಕೆಳಗೇ "ಸುಳ್ಳ" ಅಂತ ಬರೆದಳು. ಇವನು ಅದನ್ನು ಅಂಗಿ ತೋಳಲ್ಲಿ ಅಳಿಸಿದ. ಜಗಳ ಪೂರ್ತಿ ಬರವಣಿಗೆಯಲ್ಲೇ ನಡೆಯಿತು. ಐದು ಮಕ್ಕಳ ಮನೆಯಲ್ಲಿ ಅಷ್ಟು ನೆಮ್ಮದಿಯ ಊಟ ವರ್ಷಕ್ಕೊಂದೇ.

ನೀಲಿಕೊಡೆ
ಇದನ್ನು ನಾನು ಕದೀತೀನಿ.

ಹದಿನಾರು_ತುಂಬಿದೆ
ನನಗೆ 16. ಆ 13 ವರ್ಷದವನ ಪರವಾಗಿ ಒಂದು ಮಾತು. ನಮಗೆ ಬೇಜಾರಾಗೋದು ಪ್ರಾರ್ಥನೆಯಿಂದ ಅಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳ್ತಾರಲ್ಲ, ಅದರಿಂದ. "ಇದರಿಂದ ನಾವು ಏನು ಕಲಿತೆವು?" ಅಂತ. ವಿಧೇಯತೆ ಕಲಿತೆವು ಅಂದರೆ ಬಿಡ್ತಾರೆ. ಅದರ ಬದಲು ಅವನಿಗೆ ಒಂದು ಕೆಲಸ ಕೊಡಿ. ಚೀಟಿ ಬರೆಯೋದು ಅವನೇ ಮಾಡಲಿ. ಇಲ್ಲಾ ಅಪ್ಪ ಅಮ್ಮನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ದಿನಕ್ಕೊಂದು ಅವನು ಕೇಳಲಿ.

ಮೂರುಮಕ್ಕಳಮ್ಮ
ಇದನ್ನು ಅವನಿಗೆ ಓದಿ ಹೇಳಿದೆ. "ಯಾರಮ್ಮ ಅದು, ಬುದ್ಧಿವಂತರು" ಅಂದ. ಚೀಟಿ ಬರೆಯೋಕೆ ಒಪ್ಪಿದ್ದಾನೆ. ಷರತ್ತು ಒಂದೇ, ನಾನು ಮೊದಲೇ ಓದಿ ನೋಡಬಾರದಂತೆ.

ಹಳೇಬೆಂಚು
ಒಪ್ಪಿಕೊಳ್ಳಿ ತಂಗಿ. ಧೈರ್ಯ ಮಾಡಿ.

ಮೌನಿ
ದೊಡ್ಡವನಿಗೆ ಮತ್ತಾಯನ ಸುವಾರ್ತೆ 1ನೇ ಅಧ್ಯಾಯದ ಯೇಸುವಿನ ವಂಶಾವಳಿ ಕೊಡಿ. ಎಲ್ಲರೂ ಹಾರಿಸಿಬಿಡುವ ಭಾಗ. ಗಂಡಸರ ಹೆಸರಿನ ಉದ್ದ ಪಟ್ಟಿ, ನಡುವೆ ಐದು ಹೆಂಗಸರು: ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿಯಾಗಿದ್ದವಳು, ಮರಿಯ. ಇವರೇ ಯಾಕೆ ಅಂತ ಹುಡುಕಲಿ. ನಾಲ್ಕು ದಿನಕ್ಕೆ ಸಾಕಾಗುವಷ್ಟು ಸರಕು ಅಲ್ಲಿದೆ.

ಅಜ್ಜಿಯಕನ್ನಡಕ
ತಾಮಾರಳ ಕಥೆಯನ್ನು 4 ವರ್ಷದವಳ ಮುಂದೆ ಹೇಗಪ್ಪಾ ಹೇಳೋದು?

ಮೌನಿ
ಅವಳು ಎದ್ದು ಹೋದ ಮೇಲೆ. ನೀಲಿಕೊಡೆ ಆಗಲೇ ಹೇಳಿದ್ದಾರಲ್ಲ.

ನೀಲಿಕೊಡೆ
ಚಿಕ್ಕವರಿಗೆ ಇಷಯನ (ದಾವೀದನ ಅಪ್ಪ) ಮರ ಚೆನ್ನಾಗಿ ಹೊಂದುತ್ತೆ. ಇಷಯನ ಬುಡದಿಂದ ಚಿಗುರು ಒಡೆಯುವುದು ಅಂತ ಯೆಶಾಯ 11ರಲ್ಲಿ ಬರುತ್ತಲ್ಲ, ಅದನ್ನು ಹಿಡಿದು ಮಾಡೋದು. ಒಂದು ಒಣಕೊಂಬೆಯನ್ನು ಡಬ್ಬಿಯಲ್ಲಿ ಮರಳು ತುಂಬಿ ನಿಲ್ಲಿಸಿ. ದಿನಕ್ಕೊಂದು ಕಾಗದದ ಚಿತ್ರ ನೇತುಹಾಕಿ: ನೋಹನ ನಾವೆ, ಅಬ್ರಹಾಮನಿಗೆ ತೋರಿಸಿದ ನಕ್ಷತ್ರಗಳು, ಯಾಕೋಬನ ಏಣಿ, ಯೋಸೇಫನ ಬಣ್ಣದ ಅಂಗಿ, ರೂತಳ ತೆನೆ, ದಾವೀದನ ಕಿನ್ನರಿ. ಚಿಕ್ಕವಳು ಬಣ್ಣ ಹಚ್ಚಲಿ, ದೊಡ್ಡವನು ಕಥೆ ಹೇಳಲಿ. ಬೆಂಕಿಪೊಟ್ಟಣದಲ್ಲಿ ಚಿತ್ರವನ್ನು ಮಡಚಿ ಇಟ್ಟರೆ ಎರಡೂ ಒಂದೇ ಆಗುತ್ತೆ.

ತಡರಾತ್ರಿ
ಲೂಕನೂ ಬೇಕು, ಮರವೂ ಬೇಕು, ವಂಶಾವಳಿಯೂ ಬೇಕು, ಮೇಣದಬತ್ತಿ ಬೇರೆ. 5 ನಿಮಿಷ ಅಂದವರು ನೀವೇ ಅಲ್ವಾ?

ನೀಲಿಕೊಡೆ
ಒಂದನ್ನು ಆರಿಸಿಕೊಳ್ಳಲಿ ಅಂತ ಹೇಳಿದ್ದು. ಎಲ್ಲವನ್ನೂ ಮಾಡಿ ಅಂತ ನಾನು ಎಲ್ಲಿ ಹೇಳಿದೆ?

ಪ್ರಶ್ನೆಗುರುತು
ಚೀಟಿಯಲ್ಲಿ ವಚನದ ಬದಲು ಕೆಲಸ ಬರೆದರೆ ಹೇಗೆ? "ಇವತ್ತು ಅಜ್ಜನಿಗೆ ಫೋನ್ ಮಾಡು", "ನಿನ್ನ ಆಟಿಕೆ ಒಂದನ್ನು ಬೇರೆಯವರಿಗೆ ಕೊಡು", "ಜಗಳ ಆಡಿದವರ ಹತ್ತಿರ ಮೊದಲು ನೀನೇ ಮಾತಾಡು".

ಹದಿನಾರು_ತುಂಬಿದೆ
ದಯವಿಟ್ಟು ದಿನಾ ಬೇಡ. ಅದು 24 ದಿನದ ಹೋಂವರ್ಕ್ ಆಗುತ್ತೆ. ವಾರಕ್ಕೊಂದೆರಡು ಇರಲಿ. ಅಪ್ಪ ಅಮ್ಮನಿಗೂ ಬರಲಿ. "ಇವತ್ತು ಊಟದ ಹೊತ್ತಿಗೆ ಫೋನ್ ಮುಟ್ಟಬೇಡ" ಅಂತ ಅಪ್ಪನ ಹೆಸರಿಗೆ.

ದೊಡ್ಡಸಂಸಾರ
ಕೆಲವು ಡಬ್ಬಿ ಖಾಲಿ ಇಟ್ಟರೂ ನಡೆಯುತ್ತೆ. ಖಾಲಿ ಬಂದ ದಿನ ಬತ್ತಿ ಹಚ್ಚಿ, ಒಂದು ಹಾಡು ಹೇಳಿ ಎದ್ದುಬಿಡಿ. ಜ್ವರ, ಪರೀಕ್ಷೆ, ನೆಂಟರು, ಯಾವುದಾದರೂ ಒಂದು ಬಂದೇ ಬರುತ್ತೆ. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಓದಿಸೋದು ಬೇಡ. ಬಾಕಿ ಬೆಳೆಯೋಕೆ ಶುರುವಾದರೆ ಅಲ್ಲಿಗೆ ಮುಗೀತು. ತಪ್ಪಿದ್ದು ತಪ್ಪಿತು, ಇವತ್ತಿನದು ತೆಗೀರಿ. ನಾವು 24 ಮುಟ್ಟೋದು ಹೀಗೇ.

ಮೂರುಮಕ್ಕಳಮ್ಮ
ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ. ಥ್ಯಾಂಕ್ಸ್ ಅಕ್ಕ. ಇನ್ನು ಮೇಣದಬತ್ತಿ. ನಾಲ್ಕು ಬತ್ತಿಯ ಬಣ್ಣ ಏನು? ನೇರಳೆ ಅಂತಾರೆ, ನೀಲಿ ಅಂತಾರೆ, ಒಂದು ಗುಲಾಬಿ ಬಣ್ಣದ್ದೂ ಕಾಣುತ್ತೆ.

ಗಾಯನಮೂಲೆ
ಮೂರು ನೇರಳೆ, ಒಂದು ಗುಲಾಬಿ. ನೇರಳೆ ಪಶ್ಚಾತ್ತಾಪದ, ಸಿದ್ಧತೆಯ ಬಣ್ಣ. ಗುಲಾಬಿ ಮೂರನೇ ಭಾನುವಾರಕ್ಕೆ. ಸಂತೋಷಿಸಿರಿ ಅನ್ನುವ ಭಾನುವಾರ ಅದು, ಬೈಬಲಿನ ಫಿಲಿಪ್ಪಿ ಪತ್ರದ 4ನೇ ಅಧ್ಯಾಯದಿಂದ ಬಂದದ್ದು. ಕಾಯುವುದು ಅರ್ಧಕ್ಕಿಂತ ಜಾಸ್ತಿ ಮುಗಿಯಿತು, ಸ್ವಲ್ಪ ನಗಿ ಅಂತ. ಕೆಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ನೇರಳೆ ಬದಲು ನೀಲಿ. ನಡುವೆ ಬಿಳಿಯದೊಂದು ಇಟ್ಟರೆ ಅದನ್ನು ಹಚ್ಚೋದು ಕ್ರಿಸ್ಮಸ್‌ಗೆ.

ತಡರಾತ್ರಿ
ಬಣ್ಣ ಎಲ್ಲ ಆಮೇಲೆ ಸೇರಿಕೊಂಡದ್ದು. ಮೊದಲಿನದ್ದು ಕೆಂಪು, ಬಿಳಿ.

ಹಳೇಬೆಂಚು
ಹೌದು, ಅದು ಯೋಹಾನ್ ಹಿನ್ರಿಕ್ ವಿಖೆರ್ನ್ ಅವರದ್ದು. ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಪಾದ್ರಿ. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಜೀವ ತಿಂತಿದ್ದರಂತೆ. 1839ರಲ್ಲಿ ಅವರು ಒಂದು ಗಾಡಿಚಕ್ರಕ್ಕೆ 20 ಚಿಕ್ಕ ಕೆಂಪು ಬತ್ತಿ, 4 ದೊಡ್ಡ ಬಿಳಿ ಬತ್ತಿ ಕೂರಿಸಿದರು. ವಾರದ ದಿನಕ್ಕೆ ಚಿಕ್ಕದು, ಭಾನುವಾರಕ್ಕೆ ದೊಡ್ಡದು. ಅಂದರೆ ಅದೂ ಒಂದು ಕ್ಯಾಲೆಂಡರೇ. ಸುತ್ತ ಹಸಿರು ಎಲೆ ಸೇರಿದ್ದು, ನಾಲ್ಕೇ ಬತ್ತಿಗೆ ಇಳಿದದ್ದು ಆಮೇಲಿನ ಕಥೆ.

ಲೆಕ್ಕದಮೇಷ್ಟ್ರು
1839ರ ಡಿಸೆಂಬರ್ 1 ಭಾನುವಾರ. ಅದಕ್ಕೇ 20 ಮತ್ತು 4, ಒಟ್ಟು 24. ಸರಿ ಬಂತು.

ಕತ್ತರಿಗೋಂದು
ಎಲೆ ಅಂದಾಗ ನೆನಪಾಯ್ತು. ಹಸಿ ಎಲೆ ಎರಡನೇ ವಾರಕ್ಕೇ ಒಣಗಿ ಗರಿಗರಿ ಆಗುತ್ತೆ. ಪಕ್ಕದಲ್ಲೇ ಬೆಂಕಿ! ಎಲೆಯನ್ನು ಬತ್ತಿಯ ಬುಡಕ್ಕಿಂತ ಕೆಳಗಿಡಿ, ಒಣಗಿದಂತೆ ಬದಲಿಸಿ. ಕೆಳಗೆ ಸ್ಟೀಲ್ ತಟ್ಟೆ ಇರಲಿ. ಬೆಂಕಿಪೊಟ್ಟಣದ ಕ್ಯಾಲೆಂಡರ್ ಇನ್ನೊಂದು ಗೋಡೆಗೆ. ಅದರಲ್ಲಿ ಕಡ್ಡಿ ಇಲ್ಲದಿದ್ದರೂ ಅದು ರಟ್ಟೇ. ಚಿಕ್ಕವಳಿಗೆ ಬ್ಯಾಟರಿ ಬತ್ತಿ ಕೊಡಿ, ಅವಳು ಒಂದನ್ನು ತಾನೇ ಹಚ್ಚಿದ ಹಾಗಾಗುತ್ತೆ.

ಮೌನಿ
ಮೊದಲನೇ ಬತ್ತಿ ನಾಲ್ಕು ವಾರವೂ ಉರಿಯುತ್ತೆ, ಕೊನೇದು ಕೆಲವೇ ದಿನ. ಒಂದೇ ಎತ್ತರ ಇರಲಿ ಅಂತ ಕೆಲವರು ಜಾಗ ಬದಲಿಸ್ತಾರೆ. ನನಗೆ ಆ ಮೆಟ್ಟಿಲು ಮೆಟ್ಟಿಲಾಗಿ ಕಾಣೋದೇ ಇಷ್ಟ. ಎಷ್ಟು ದಿನ ಆಯ್ತು ಅಂತ ಎಣಿಸೋದೇ ಬೇಡ.

ಶುಭ್ರವಾರ
ಎಲ್ಲ ಸರಿ. ಆದರೆ ನವೆಂಬರ್ ಮಧ್ಯದಲ್ಲೇ ಮರ ಸಿಂಗರಿಸಿ ಕ್ಯಾರಲ್ ಹಾಡೋರಿಗೆ ಯಾರು ಹೇಳ್ತಾರೆ? ಇದು ಕಾಯುವ ಕಾಲ. ಕ್ರಿಸ್ತ ಮತ್ತೆ ಬರುವ ಎರಡನೇ ಬರೋಣದ ಬಗ್ಗೆಯೂ ಯೋಚಿಸುವ ಕಾಲ. ಕಥೋಲಿಕ ಪೂಜೆಯ ವಾಚನಗಳು ಡಿಸೆಂಬರ್ 16ರವರೆಗೆ ಆ ಕಡೆಗೇ ಜಾಸ್ತಿ ಒತ್ತು ಕೊಡುತ್ತವೆ, 17ರಿಂದ ಮಾತ್ರ ನೇರವಾಗಿ ಜನನದ ಕಡೆ ತಿರುಗುತ್ತವೆ. ಕ್ರಿಸ್ಮಸ್ ಹಾಡು ಕ್ರಿಸ್ಮಸ್‌ಗೇ ಇರಲಿ.

ಗಾಯನಮೂಲೆ
ಗಾಯಕವೃಂದದವರಿಗೆ ಅಭ್ಯಾಸ ಬೇಡ್ವಾ? ನಾವು ಅಕ್ಟೋಬರ್‌ನಿಂದಲೇ ಹಾಡ್ತಿದ್ದೀವಿ.

ಶುಭ್ರವಾರ
ಅಭ್ಯಾಸ ಬೇರೆ, ಮನೆಯಲ್ಲಿ ಹಗಲೂ ರಾತ್ರಿ ಸ್ಪೀಕರ್‌ನಲ್ಲಿ ಹಾಕೋದು ಬೇರೆ.

ನೀಲಿಕೊಡೆ
ಮಕ್ಕಳು ಹಾಡಿದರೆ ಹಾಡಲಿ ಬಿಡಿ. ಹಾಡಬೇಡ ಅಂತ ಬೈದು ಸಿದ್ಧತೆ ಕಲಿಸೋದು ಯಾವ ಲೆಕ್ಕ?

ಪೂರ್ವದವನು
ನಾವು ಆರ್ಥಡಾಕ್ಸ್ ಕ್ರೈಸ್ತರು. ನಮ್ಮಲ್ಲಿ ಇದು ಉಪವಾಸದ ಕಾಲ, ನವೆಂಬರ್ 15ರಿಂದ 40 ದಿನ. ಮೇಣದಬತ್ತಿ ಚಕ್ರವೂ ಇಲ್ಲ, ಬಾಗಿಲಿನ ಕ್ಯಾಲೆಂಡರೂ ಇಲ್ಲ. ಚಾಕಲೇಟ್ ಮಾತು ಬಂದಾಗ ನಗು ಬಂತು.

ಪ್ರಶ್ನೆಗುರುತು
ಮಕ್ಕಳೂ ಉಪವಾಸ ಮಾಡ್ತಾರಾ?

ಪೂರ್ವದವನು
ಚಿಕ್ಕವರಿಗೆ ಕಟ್ಟುನಿಟ್ಟಿಲ್ಲ. ಅವರು ಇಷ್ಟದ್ದು ಯಾವುದಾದರೂ ಒಂದು ಬಿಡ್ತಾರೆ. ನನ್ನ ಮಗಳು ಪ್ರತಿವರ್ಷ ಹಾಗಲಕಾಯಿ ಬಿಡ್ತಾಳೆ.

ದೊಡ್ಡಸಂಸಾರ
😂😂

ಶುಭ್ರವಾರ
17ರಿಂದ 23ರವರೆಗೆ ಇನ್ನೊಂದಿದೆ, ದೊಡ್ಡವನಿಗೆ ಉಪಯೋಗವಾದೀತು. ಸಂಜೆ ಪ್ರಾರ್ಥನೆಯಲ್ಲಿ ದಿನಕ್ಕೊಂದರಂತೆ ಕ್ರಿಸ್ತನನ್ನು ಏಳು ಹೆಸರಿನಿಂದ ಕರೆಯುವ ಬಹಳ ಹಳೇ ಪದ್ಧತಿ: ಜ್ಞಾನವೇ, ಕರ್ತನೇ, ಇಷಯನ ಬೇರೇ, ದಾವೀದನ ಬೀಗದ ಕೈಯೇ, ಉದಯವೇ, ಜನಾಂಗಗಳ ಅರಸನೇ, ಇಮ್ಮಾನುವೇಲನೇ. ಎಲ್ಲಕ್ಕೂ ಹಳೇ ಒಡಂಬಡಿಕೆಯಲ್ಲಿ ಮೂಲ ಇದೆ. ಬೀಗದ ಕೈ ಯೆಶಾಯ 22ರಲ್ಲಿ ಸಿಗುತ್ತೆ. ಕೊನೇ ವಾರದ ಡಬ್ಬಿಗಳಲ್ಲಿ ಒಂದು ಬೇರು, ಒಂದು ಹಳೇ ಕೀಲಿ, ಒಂದು ಚಿನ್ನದ ಬಣ್ಣದ ಕಾಗದದ ಸೂರ್ಯ ಇಟ್ಟು, ಇದು ಯಾರ ಹೆಸರು ಅಂತ ಹುಡುಕಿಸಿ.

ಮೂರುಮಕ್ಕಳಮ್ಮ
ಕೀಲಿ! ಚಿಕ್ಕವಳಿಗೆ ಕೀಲಿ ಸಿಕ್ಕರೆ ಮನೆಯ ಬೀಗವೆಲ್ಲ ತೆಗೆದು ನೋಡ್ತಾಳೆ. ಇಡ್ತೀನಿ.

ಯಜಮಾನರ ವಿಷಯ ಉಳೀತು. ಅವರು ಬರೋ ಹೊತ್ತಿಗೆ ಚಿಕ್ಕವಳು ಮಲಗಿರ್ತಾಳೆ.

ತಡರಾತ್ರಿ
ನಾನು ರಾತ್ರಿ ಪಾಳಿಯವನು. ನಮ್ಮಲ್ಲಿ ಬೆಳಗ್ಗೆ ಮಾಡ್ತೀವಿ. ಶಾಲೆಗೆ ಹೊರಡೋ ಮುಂಚೆ, ನಿಂತುಕೊಂಡೇ. ಹೊರಗೆ ಇನ್ನೂ ಮಬ್ಬು ಇರುವಾಗ ಬತ್ತಿಯೂ ಚೆನ್ನಾಗಿ ಕಾಣುತ್ತೆ. ಸಂಜೆಯೇ ಆಗಬೇಕು ಅಂತ ಯಾರು ಹೇಳಿದ್ದು?

ಏಕಾಂಗಿ_ಕೊಠಡಿ
ಸ್ವಲ್ಪ ಬೇರೆ ಮಾತು. ನಾನು ಒಬ್ಬಳೇ ಇರೋದು. ಎಲ್ಲ ಕಡೆ ಕುಟುಂಬ, ಮಕ್ಕಳು ಅಂತಲೇ ಬರೀತಾರೆ. ಒಬ್ಬರೇ ಇರುವವರು ಏನು ಮಾಡ್ತೀರಿ?

ಅಜ್ಜಿಯಕನ್ನಡಕ
ನಾನೂ ಒಬ್ಬಳೇ ಕಣಮ್ಮ. ಡಬ್ಬಿ ಗಿಬ್ಬಿ ಏನೂ ಇಲ್ಲ. ಮೊಮ್ಮಕ್ಕಳು ದೂರ. 24 ಚೀಟಿ ಬರೆದು ಕವರಿನಲ್ಲಿ ಹಾಕಿ ನವೆಂಬರ್‌ನಲ್ಲೇ ಅವರಿಗೆ ಕಳಿಸ್ತೀನಿ. ಅದರದ್ದೇ ಒಂದು ಪ್ರತಿ ನನ್ನ ಹತ್ತಿರ. ಅವರು ಅಲ್ಲಿ ತೆಗೆಯೋ ಹೊತ್ತಿಗೆ ನಾನು ಇಲ್ಲಿ ತೆಗೀತೀನಿ. ಕೆಲವು ದಿನ ವಿಡಿಯೋ ಕಾಲ್ ಬರುತ್ತೆ, ಕೆಲವು ದಿನ ಬರಲ್ಲ. ನಿನಗೂ ಒಂದು ಕಟ್ಟು ಕಳಿಸಲಾ?

ಏಕಾಂಗಿ_ಕೊಠಡಿ
ಕಳಿಸಿ ಅಮ್ಮ. ವಿಳಾಸ ಮೆಸೇಜ್ ಮಾಡ್ತೀನಿ.

ಅರ್ಧಮನಸ್ಸು
ನನ್ನ ಗಂಡ ನಂಬುವವರಲ್ಲ. ಪ್ರಾರ್ಥನೆಗೆ ಕೂರಲ್ಲ. ಬಲವಂತ ನಾನೂ ಮಾಡಲ್ಲ. ಆದರೆ ಬತ್ತಿ ಹಚ್ಚೋದು, ಕಥೆ ಗಟ್ಟಿಯಾಗಿ ಓದೋದು ಅವರದೇ ಕೆಲಸ. ದನಿ ಚೆನ್ನಾಗಿದೆ, ಕ್ರೂರ ರಾಜ ಹೆರೋದನ ಭಾಗ ಬಂದರೆ ಮಕ್ಕಳು ಸೋಫಾ ಹಿಂದೆ ಅಡಗ್ತಾರೆ. ಆಮೆನ್ ನಾವು ಹೇಳ್ತೀವಿ.

ಹಳೇಬೆಂಚು
ಹೆರೋದ, ನಕ್ಷತ್ರ ನೋಡಿ ಮಗುವನ್ನು ಹುಡುಕಿ ಬಂದ ಜೋಯಿಸರು, ಇವರ ಕಥೆ ಬರೋದು ಮತ್ತಾಯ 2ರಲ್ಲಿ. ಲೂಕನ 100 ವಚನದೊಳಗೆ ಹೆರೋದನ ಹೆಸರೊಂದು ಬರುತ್ತೆ ಅಷ್ಟೇ, ಈ ಕಥೆ ಇಲ್ಲ. ಅವರನ್ನು ಜನವರಿ 6ರ ಪ್ರಕಟಣೆಯ ಹಬ್ಬಕ್ಕೆ ಇಟ್ಟುಕೊಳ್ಳಿ. ಗೋದಲಿ ಮಾಡುವವರು ಜೋಯಿಸರ ಗೊಂಬೆಗಳನ್ನು ಮನೆಯ ಇನ್ನೊಂದು ಮೂಲೆಯಿಂದ ದಿನಕ್ಕೊಂದು ಗೇಣು ಮುಂದೆ ಸರಿಸಬಹುದು.

ಮೂರುಮಕ್ಕಳಮ್ಮ
ಸರಿ, ಇಷ್ಟು ತೀರ್ಮಾನ ಮಾಡಿದ್ದೀನಿ. ಬೆಳಗ್ಗೆಯೇ ಮಾಡೋದು, ಆಗ ಯಜಮಾನರೂ ಇರ್ತಾರೆ. ಲೂಕನ 100 ವಚನ, ಕಥೆ ನಿಲ್ಲುವ ಕಡೆ ನಿಲ್ಲಿಸೋದು. ಚೀಟಿ ದೊಡ್ಡವನದು, ಓದೋದು ನಡುವಿನವಳು, ನಂಬರ್ ಹುಡುಕೋದು ಚಿಕ್ಕವಳು. ಕೊನೇ ವಾರ ಕೀಲಿ, ಬೇರು. ಇಷಯನ ಮರ ಮುಂದಿನ ವರ್ಷಕ್ಕೆ.

ಬೆಂಕಿಪೊಟ್ಟಣ ಅಂಟಿಸಿ ಆಯ್ತು. ಮೂರನೇ ಸಾಲಿನಲ್ಲಿ ಎರಡು ಡಬ್ಬಿ ಬಿಗಿ, ಎಳೆದರೆ ಮಣಿಯೇ ಕಿತ್ತು ಬರುತ್ತೆ. ಏನು ಮಾಡಲಿ?

ಕತ್ತರಿಗೋಂದು
ಗೋಂದು ಜಾಸ್ತಿ ಹಚ್ಚಿದ್ದಾರೆ, ಯಾರು ಅಂತ ಕೇಳಲ್ಲ. ಡಬ್ಬಿ ತೆಗೆದು ಅದರ ಎರಡು ಪಕ್ಕಕ್ಕೂ ಮೇಣದಬತ್ತಿಯ ತುಂಡು ಉಜ್ಜಿ. ಜಾರುತ್ತೆ. ಆದರೂ ಬಿಗಿ ಇದ್ದರೆ ಡಬ್ಬಿಯ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ.

ಶುಭ್ರವಾರ
ಗುಲಾಬಿ ಬತ್ತಿಯನ್ನು ಉಜ್ಜಬೇಡಿ, ಅದು ಇರೋದು ಒಂದೇ.